ನಗರದಂಚಿನ ನೆಲ–ನೀರು ಉಳಿಸಿಕೊಳ್ಳಲು ಯಾವ ಸಂಶೋಧನೆ ಮೊದಲು ಆಗಬೇಕು?

ನನ್ನ ಪ್ರಕಾರ ಮೊದಲು ನೀರಿನದು. ಬೆಂಗಳೂರಿನ ಪಕ್ಕದ ಕೋಲಾರವನ್ನೇ ನೋಡಿ. ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಡಿ 2018ರಿಂದ ನಗರದ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಅಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ್ದ ಕೆರೆಗಳು ತುಂಬಿದವು, ಸುತ್ತಲಿನ ಕೊಳವೆಬಾವಿಗಳಿಗೆ ಜೀವ ಬಂತು. ಬರದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ನೀರಿನ ಮಟ್ಟ ಅಳೆಯುವಷ್ಟೇ ಶ್ರದ್ಧೆಯಿಂದ ಅದರ ಗುಣವನ್ನೂ ಅಳೆಯಬೇಕು. ನೈಟ್ರೇಟ್, ಭಾರಲೋಹ, ಔಷಧಿಗಳ ಉಳಿಕೆ ಗಟ್ಟಿ ಬಂಡೆಯ ಬಿರುಕುಗಳಲ್ಲಿ ಎಲ್ಲಿಯವರೆಗೆ ಇಳಿಯುತ್ತವೆ? ಟೊಮೆಟೊ, ಸೊಪ್ಪು, ಹಸುವಿನ ಹಾಲಿಗೆ ಎಷ್ಟು ಸೇರುತ್ತವೆ? ಒಂದೆರಡು ಬಾಟಲಿ ಮಾದರಿಯಿಂದ ಇದು ತಿಳಿಯದು. ಅದೇ ಬಾವಿ, ಅದೇ ಹೊಲವನ್ನು ಮಳೆಗೆ ಮುಂಚೆ ಮತ್ತು ಆಮೇಲೆ, ವರ್ಷಗಟ್ಟಲೆ ಪರೀಕ್ಷಿಸಬೇಕು. ಫಲಿತಾಂಶ ರೈತರ ಕೈಗೆ ಕನ್ನಡದಲ್ಲೇ ಸಿಗಬೇಕು.

ನೆಲದ ವಿಷಯದಲ್ಲಿ ಗೋಮಾಳ, ಗುಂಡುತೋಪು, ರಾಜಕಾಲುವೆಗಳು ಎಷ್ಟು ಉಳಿದಿವೆ ಎಂಬುದನ್ನು ಹಳೆಯ ಗ್ರಾಮನಕ್ಷೆ ಮತ್ತು ಉಪಗ್ರಹ ಚಿತ್ರ ಜೋಡಿಸಿ ತಿಳಿಯಬಹುದು. ಅವು ಹೋದಾಗ ಕುರಿ ಮೇಯಿಸುವವರು, ಸೌದೆ ಆರಿಸುವ ಹೆಂಗಸರು ಏನು ಕಳೆದುಕೊಂಡರು ಎಂಬುದು ನಕ್ಷೆಯಲ್ಲಿ ಕಾಣದು. ಅದಕ್ಕೆ ಊರಿಗೇ ಹೋಗಬೇಕು. ಕೆರೆ ತೂಬು ನೋಡಿಕೊಳ್ಳುತ್ತಿದ್ದ ಹಿರಿಯ ನೀರುಗಂಟಿಗಳು ಇನ್ನೂ ಇರುವಾಗಲೇ ಅವರ ತಿಳಿವಳಿಕೆಯನ್ನು ದಾಖಲಿಸಿಕೊಳ್ಳಬೇಕು.