ಹಳೇ ವಾರಪತ್ರಿಕೆ ದುಡ್ಡು ಕೊಟ್ಟು ತಗೊಂಡು ಓದೋದ್ರಲ್ಲಿ ಅಂಥಾದ್ದೇನಿದೆ?

ನೀವು ಕೇಳಿರೋದು ಇದು: ಎಲ್ಲಾ ಮೊಬೈಲಲ್ಲೇ ಸಿಗೋ ಕಾಲದಲ್ಲಿ ನಮ್ಮಪ್ಪ ರಿಟೈರ್ ಆದ್ಮೇಲೆ ಗುಜರಿ ಅಂಗಡಿಯಿಂದ ಹಳೇ ಸುಧಾ, ತರಂಗ, ಕಸ್ತೂರಿ ಹೊತ್ಕೊಂಡು ಬರ್ತಿದಾರೆ, ಮನೇಲಿ ಜಾಗ ಇಲ್ಲ, ಇದ್ರಲ್ಲಿ ಏನ್ ಖುಷಿ ಸಿಗುತ್ತೆ ಯಾರಾದ್ರೂ ಹೇಳ್ತೀರಾ ಅಂತ. ಹೇಳ್ತೀನಿ. ಆದ್ರೆ ಮೊದ್ಲೇ ಹೇಳ್ಬಿಡ್ತೀನಿ, ನಾನು ನಿಮ್ಮಪ್ಪನ ಪಾರ್ಟಿ.

ನಾನಿರೋದು ಹಾಸನದಲ್ಲಿ, ಗಂಡನ ಮನೆ ಮೂಡಿಗೆರೆ ಹತ್ರ ಒಂದು ಹಳ್ಳಿ. ಈ ಹುಚ್ಚು ಹತ್ತಿದ್ದು ಅಲ್ಲಿಂದ್ಲೇ. ಮದುವೆ ಆದ ಮೊದಲನೇ ಮಳೆಗಾಲ, ಕರೆಂಟಿಲ್ಲ, ನೆಟ್‌ವರ್ಕ್ ಅಂತೂ ಕೇಳ್ಲೇಬೇಡಿ, ಹೊರಗಡೆ ಕಾಲಿಡೋಕಾಗದ ಮಳೆ, ನಾಕನೇ ದಿನಕ್ಕೆ ನಂಗೆ ತಲೆ ಕೆಟ್ಟೋಗಿ ಓದೋಕೆ ಏನಾದ್ರೂ ಇದ್ಯಾ ಅತ್ತೆ ಅಂದೆ. ಅತ್ತೆ ಅಡುಗೆಮನೆ ಮೇಲಿನ ಅಟ್ಟ ತೋರಿಸಿ "ಹತ್ತಿ ನೋಡು, ಇಲಿ ಬಿಟ್ಟಿದ್ರೆ ಇರ್ತಾವೆ" ಅಂದ್ರು. ಹತ್ತಿದ್ರೆ ಒಂದು ಕಾಫಿ ಚೀಲ. ಅದರೊಳಗೆ ಮೂರು ದಪ್ಪ ಪುಸ್ತಕ, ಅಂಗಡೀಲಿ ಕೊಂಡಿದ್ದಲ್ಲ, ಅತ್ತೆ ಕೈಯಾರೆ ಮಾಡ್ಕೊಂಡಿದ್ದು. ವಾರಪತ್ರಿಕೆಲಿ ಬರ್ತಿದ್ದ ಧಾರಾವಾಹಿ ಪುಟಗಳನ್ನ ವಾರ ವಾರ ಕಿತ್ತಿಟ್ಟು, ಕೊನೇ ಕಂತು ಬಂದ್ಮೇಲೆ ದಬ್ಬಳ, ಗೋಣಿದಾರ ತಗೊಂಡು ಕಾಫಿ ಮೂಟೆ ಹೊಲಿದಂಗೇ ಹೊಲಿದು, ಮೇಲೆ ಹಳೇ ಕ್ಯಾಲೆಂಡರಿನ ರಟ್ಟು ಹಾಕಿದ್ರು. ಆಗೆಲ್ಲ ಇದು ತುಂಬಾ ಮನೆಗಳಲ್ಲಿ ಇದ್ದ ಅಭ್ಯಾಸ, ನಿಮ್ಮಜ್ಜಿನೂ ಮಾಡಿರ್ತಾರೆ ಕೇಳಿ ನೋಡಿ. ಕಾದಂಬರಿ ಪುಸ್ತಕವಾಗಿ ಬರೋವರ್ಗೂ ಕಾಯೋ ತಾಳ್ಮೆ ಇಲ್ಲ, ಬಂದ್ರೂ ಅದಕ್ಕೆ ಅಂತ ಬೇರೆ ದುಡ್ಡು ಕೊಡೋರು ಯಾರು, ಹಂಗಾಗಿ ಹೊಲಿದಿಟ್ಕೊಳ್ಳೋದು.

ಕಥೆ ಓದ್ತಾ ಕೂತೆ, ಚೆನ್ನಾಗೇ ಇತ್ತು. ಆದ್ರೆ ಎರಡು ದಿನ ಆದ್ಮೇಲೆ ನಂಗೆ ಗೊತ್ತಾಯ್ತು, ನಾನು ಓದ್ತಿರೋದು ಕಥೆ ಅಲ್ಲ, ಕಥೆ ಪುಟದ ಹಿಂದುಗಡೆದು ಅಂತ. ಧಾರಾವಾಹಿ ಪುಟ ಕಿತ್ತಾಗ ಅದರ ಬೆನ್ನಿಗೆ ಏನಿತ್ತೋ ಅದೂ ಜೊತೇಲಿ ಬಂದಿತ್ತಲ್ಲ, ಎಲ್ಲಾ ಅರ್ಧರ್ಧ. ಒಂದು ಕಡೆ ಅಡುಗೆ ರೆಸಿಪಿ, "ನಂತರ ಬಾಣಲೆಗೆ" ಅನ್ನೋವರ್ಗೂ ಇದೆ, ಆಮೇಲೆ ಇಲ್ಲ. ಡಾಕ್ಟರ್ ಅಂಕಣದಲ್ಲಿ ಉತ್ತರ ಮಾತ್ರ ಉಳಿದಿದೆ, ಪ್ರಶ್ನೆ ಹಿಂದಿನ ಪುಟದಲ್ಲಿ ಹೋಗಿದೆ, ನೀವು ಹೆದರಬೇಕಾದ್ದಿಲ್ಲ, ಬಹಳ ಜನರಿಗೆ ಹೀಗಾಗುತ್ತೆ ಅಂತ ಡಾಕ್ಟ್ರು ಧೈರ್ಯ ಹೇಳ್ತಿದಾರೆ, ಪಾಪ ಆ ಮನುಷ್ಯನಿಗೆ ಏನಾಗಿತ್ತು ಅಂತ ನಂಗೆ ಇವತ್ತಿಗೂ ತಲೆ ತಿನ್ನುತ್ತೆ. ಎಚ್‌ಎಂಟಿ ವಾಚು, ಉಷಾ ಹೊಲಿಗೆ ಮಿಷಿನ್ನು, ಕುಟುಂಬ ಯೋಜನೆಯ ಕೆಂಪು ತ್ರಿಕೋನ, ವಿ.ಪಿ.ಪಿ.ಲಿ (ಪಾರ್ಸೆಲ್ ಬಂದಾಗ ಅಂಚೆಯವ್ರಿಗೇ ದುಡ್ಡು ಕೊಡೋದು) ಟ್ರಾನ್ಸಿಸ್ಟರ್ ತರಿಸ್ಕೊಳ್ಳಿ ಅನ್ನೋ ಜಾಹೀರಾತು. ರೆಸಿಪಿ ಅರ್ಧಕ್ಕೇ ನಿಂತಿದೆ ಅತ್ತೆ ಅಂದ್ರೆ "ಬಾಣಲೆಗೆ ಏನ್ ಹಾಕ್ಬೇಕು ಅಂತ ಗೊತ್ತಿಲ್ದೋಳು ಒಲೆ ಯಾಕ್ ಹಚ್ತೀಯೆ" ಅಂದ್ರು.

ಇನ್ನೊಂದು ಪುಟದ ಬೆನ್ನಲ್ಲಿ ಚಿಕ್ಕಮಗಳೂರು ಉಪಚುನಾವಣೆ ಬಗ್ಗೆ ಲೇಖನದ ಒಂದು ತುಂಡು. 1978 ನವೆಂಬರಿಂದು, ಇಂದಿರಾ ಗಾಂಧಿ ವರ್ಸಸ್ ವೀರೇಂದ್ರ ಪಾಟೀಲ್. ಎಮರ್ಜೆನ್ಸಿ ಆದ್ಮೇಲೆ 1977ರಲ್ಲಿ ರಾಯ್‌ಬರೇಲಿಲಿ ಸೋತಿದ್ದ ಇಂದಿರಾಗೆ ಅಂತ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಬಿಟ್ಟುಕೊಟ್ಟ ಸೀಟು ಅದು. ಇಡೀ ದೇಶ ನಮ್ಮ ಜಿಲ್ಲೆ ಕಡೆ ತಿರುಗಿ ನೋಡಿದ್ದು ಆವಾಗ. ಈ ತುಂಡಿನಲ್ಲಿ ಯಾರು ಗೆಲ್ತಾರೆ ಅಂತ ಬರೆದೋರಿಗೆ ಗೊತ್ತಿಲ್ಲ, ಎರಡೂ ಕಡೆ ಜನ ಹಿಂಗಂತಾರೆ ಹಂಗಂತಾರೆ ಅಂತ ತಕ್ಕಡಿ ಹಿಡ್ಕೊಂಡು ಕೂತಿದಾರೆ. ನಂಗೆ ಗೊತ್ತು ಇಂದಿರಾ ಗೆಲ್ತಾರೆ ಅಂತ, ಗೆದ್ದ ಮುಂದಿನ ತಿಂಗಳೇ ಲೋಕಸಭೆಯಿಂದ ಹೊರಗೆ ಹಾಕಿ ಜೈಲಿಗೆ ಕಳಿಸ್ತಾರೆ ಅಂತಾನೂ ಗೊತ್ತು, ಆದ್ರೂ ಮುಂದಿನ ಪುಟ ಇಲ್ವಲ್ಲ ಅಂತ ಒದ್ದಾಡಿದೆ. ಅತ್ತೆ ಹತ್ರ ಜಗಳಕ್ಕೇ ಹೋದೆ, ಅಲ್ಲಾ ಅತ್ತೆ, ಇತಿಹಾಸ ಬಿಸಾಕಿ ಲವ್ ಸ್ಟೋರಿ ಇಟ್ಕೊಂಡಿದೀರಲ್ಲ ಅಂತ. ಅವರು ಅಕ್ಕಿ ಆರಿಸ್ತಾ ತಲೆನೂ ಎತ್ಲಿಲ್ಲ. "ಎಲೆಕ್ಷನ್ನು ಮನೆ ಮುಂದೇನೇ ನಡೀತಿತ್ತು ಕಣೇ, ಜೀಪು ಮೈಕು ನಾಯಿ ಬೊಗಳೋದು ನಿದ್ದೆನೇ ಇಲ್ಲ, ಅದನ್ನ ಪತ್ರಿಕೇಲಿ ಬೇರೆ ಓದ್ಬೇಕಿತ್ತಾ?"

ಇದಕ್ಕೆ ನನ್ನತ್ರ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ.

ಸೋ ನಿಮ್ಮ ಪ್ರಶ್ನೆಗೆ ಬಂದ್ರೆ, ಹಳೇ ಪತ್ರಿಕೆಲಿ ಖುಷಿ ಕೊಡೋದು ಮುಖ್ಯ ಲೇಖನ ಅಲ್ಲ. ಮುಖ್ಯವಾದ್ದೆಲ್ಲ ಹೆಂಗೋ ಪುಸ್ತಕ ಆಗುತ್ತೆ, ಇಲ್ಲಾ ಯಾರೋ ಸ್ಕ್ಯಾನ್ ಮಾಡಿ ಹಾಕಿರ್ತಾರೆ. ಚಂದಮಾಮ ಇದ್ಯಲ್ಲ, ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡ್ಕೊಂಡು ಹೋಗೋ ವಿಕ್ರಮಾದಿತ್ಯನ ಚಿತ್ರ, ಶಂಕರ್ ಬರೆದಿದ್ದು, ಅದು ನಿಮ್ಗೆ ನೆಟ್ಟಲ್ಲೇ ಬೇಕಾದಷ್ಟು ಸಿಗುತ್ತೆ, ಅದಕ್ಕೆ ಗುಜರಿಗೆ ಹೋಗೋದು ಬೇಡ. ನಾನು ಹೋಗೋದು ಯಾರೂ ಉಳಿಸ್ಬೇಕು ಅಂದ್ಕೊಳ್ದೇ ಇದ್ದದ್ದಕ್ಕೆ. ಪತ್ರಮಿತ್ರ ಅಂಕಣದಲ್ಲಿ ಹೆಸರು, ವಯಸ್ಸು, ಹವ್ಯಾಸ ಅಂಚೆಚೀಟಿ ಸಂಗ್ರಹ ಅಂತ ಹಾಕಿರೋ ಹುಡುಗ್ರು. ಯಾರೋ ಇಂಕ್ ಪೆನ್ನಲ್ಲಿ ಅರ್ಧ ತುಂಬಿಸಿರೋ ಪದಬಂಧ, ಐದು ಅಡ್ಡ ತಪ್ಪು ಬರೆದು ಅದಕ್ಕೇ ಮೂರು ನೀಟ ಕೂರದೆ ಕೈಬಿಟ್ಟಿದಾರೆ, ನಾನು ಕೂತು ಸರಿ ಮಾಡಿ ಮುಗಿಸ್ತೀನಿ, ಐವತ್ತು ವರ್ಷದ ಹಿಂದಿನ ಯಾರ ಜೊತೆಗೋ ಸೇರಿ ಪದಬಂಧ ಬಿಡಿಸಿದ ಹಂಗೆ. ಮುಖಪುಟದ ಹೀರೋಯಿನ್ನಿಗೆ ಮೀಸೆ ಬರೆದಿರೋರು ಅಂತೂ ಪ್ರತಿ ಮನೇಲೂ ಒಬ್ರು ಇದ್ರು ಅನ್ಸುತ್ತೆ.

ಒಂದೊಂದು ಪತ್ರಿಕೆಗೆ ಒಂದೊಂದು ಗುಣ. ಸುಧಾ (1965ರಲ್ಲಿ ಶುರುವಾಗಿದ್ದು) ಮತ್ತೆ ತರಂಗ (ಮಣಿಪಾಲದ್ದು, 1983) ಎರಡೂ ಮನೆಮಂದಿಗೆಲ್ಲ, ಹಂಗಾಗಿ ಅಜ್ಜ ಓದಿದ್ದು ಯಾವುದು ಮಕ್ಕಳು ಗೀಚಿದ್ದು ಯಾವುದು ಅಂತ ಪುಟ ನೋಡಿದ್ರೇ ಗೊತ್ತಾಗುತ್ತೆ. ಕಸ್ತೂರಿ ನನ್ನ ಫೇವರಿಟ್. ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾದ ಮಾಸಪತ್ರಿಕೆ, ಅಂಗೈಯಗಲದ ಡೈಜೆಸ್ಟು, ಪಾ.ವೆಂ. ಆಚಾರ್ಯರು ಸಂಪಾದಕರಾಗಿದ್ದಾಗಿನ ಸಂಚಿಕೆ ಎಲ್ಲಿ ಸಿಕ್ಕಿದ್ರೂ ನಾನು ಬಿಡಲ್ಲ. ಒಂದು ಪದ ಹಿಡ್ಕೊಂಡು ಅದು ಎಲ್ಲಿಂದ ಬಂತು, ಯಾವ ಭಾಷೇಲಿ ಏನಾಯ್ತು ಅಂತ ಜಾಡು ಹಿಡಿದು ಹೋಗೋರು ಅವರು, ಪದಾರ್ಥ ಚಿಂತಾಮಣಿ ಅಂತ. ಬಸ್ಸಲ್ಲಿ ಹಾಸನದಿಂದ ಬೇಲೂರು ಬರೋದ್ರೊಳಗೆ ನಾಲ್ಕು ಪದ ಓದಬಹುದು, ಅಷ್ಟು ಚಿಕ್ಕ ಚಿಕ್ಕದು, ಆದ್ರೆ ತಲೇಲಿ ವಾರಗಟ್ಟಲೆ ಇರುತ್ತೆ. ಲಂಕೇಶ್ ಪತ್ರಿಕೆ (1980ರಿಂದ) ಬೇರೆನೇ ಲೋಕ. ನಮ್ಮ ಮೂಡಿಗೆರೆಯ ತೇಜಸ್ವಿ ಅದರಲ್ಲಿ ಬರೀತಿದ್ರು ಅಂತ ಈ ಕಡೆ ತೋಟದ ಮನೆಗಳಲ್ಲಿ ಕಟ್ಟುಗಟ್ಟಲೆ ಸಿಗುತ್ತೆ. ಆದ್ರೆ ನಂಗೊಂದು ತಕರಾರಿದೆ, ಬೈಬೇಡಿ. ಜಾಹೀರಾತು ತಗೊಳ್ಳಲ್ಲ ಅಂತ ಹಟ ಹಿಡಿದು ನಡೆಸಿದ ಪತ್ರಿಕೆ ಅದು, ದೊಡ್ಡ ವಿಷಯ, ಕೈ ಮುಗೀತೀನಿ, ಆದ್ರೆ ಆ ಕಾಲದಲ್ಲಿ ಯಾವ ಸೋಪು ಹಚ್ತಿದ್ರು ಅಂತ ಅದರಿಂದ ಗೊತ್ತೇ ಆಗಲ್ಲ! ಮತ್ತೆ ಅದು ಟ್ಯಾಬ್ಲಾಯ್ಡ್ ಸೈಜು, ನ್ಯೂಸ್‌ಪ್ರಿಂಟು, ಮಡಿಸಿಟ್ಟ ಗೆರೇಲೇ ಸೀಳುತ್ತೆ. ಕೊರವಂಜಿ ಕೇಳ್ಬೇಡಿ. ಡಾಕ್ಟರ್ ಎಂ. ಶಿವರಾಂ, ಅಂದ್ರೆ ರಾಶಿ, 1942ರಿಂದ 1967ರವರೆಗೆ ನಡೆಸಿದ ಹಾಸ್ಯ ಪತ್ರಿಕೆ, ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಚಿತ್ರ ಬರೆದಿದ್ದು ಅದಕ್ಕೇ. ಹತ್ತು ವರ್ಷದಲ್ಲಿ ನಂಗೆ ಸಿಕ್ಕಿರೋದು ಒಂದೇ ಒಂದು, ಅದೂ ಮೇಲಿನ ರಟ್ಟಿಲ್ದೆ.

ನಮ್ಮೂರಿನ ಬಗ್ಗೆ ಏನಾದ್ರೂ ಸಿಕ್ಕಿದ್ರೆ ಅವತ್ತು ಹಬ್ಬ. ಹಾಸನ ಮಂಗಳೂರು ರೈಲು ದಾರಿ 1979ರಲ್ಲಿ ಶುರುವಾಗೋಕೆ ಮುಂಚೆ ಸಕಲೇಶಪುರ ಘಾಟಿಲಿ ಕೆಲಸ ನಡೀತಿದ್ದಾಗಿನ ಒಂದು ಚಿತ್ರಲೇಖನ ಸಿಕ್ಕಿತ್ತು, ಸುರಂಗದ ಬಾಯಲ್ಲಿ ಕೆಲಸದವ್ರು ನಿಂತಿರೋ ಫೋಟೋ. ಸುಬ್ರಹ್ಮಣ್ಯ ರೋಡ್‌ವರ್ಗೂ 57 ಸುರಂಗ ಇದಾವಲ್ಲ, ಅದರಲ್ಲಿ ಯಾವುದೋ ಒಂದು. ನಾವು ಕಿಟಕಿ ಪಕ್ಕ ಕೂತು ಹೋ ಅಂತ ಕೂಗ್ತಾ ದಾಟ್ತೀವಿ, ಈಗ ಅಲ್ಲಿ ಹೋಗುವಾಗೆಲ್ಲ ಆ ಮುಖಗಳು ಕಣ್ಮುಂದೆ ಬರುತ್ತೆ.

ಇನ್ನು ಎಲ್ಲಿ ತಗೊಳ್ಳೋದು. ಬೆಂಗಳೂರಿನ ಅವೆನ್ಯೂ ರೋಡಲ್ಲಿ ಸಿಗುತ್ತೆ, ಆದ್ರೆ ಅಲ್ಲಿ ಮಾರೋರಿಗೆ ಬೆಲೆ ಗೊತ್ತು. ಹಾಸನ ಚಿಕ್ಕಮಗಳೂರಲ್ಲಿ ಗುಜರಿನೇ ಗತಿ, ಇಲ್ಲಿ ತೂಕದ ಲೆಕ್ಕ. ನಮ್ಮ ಗುಜರಿ ಅಣ್ಣ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ, ಮೊದ್ಲು ನನ್ನ ನೋಡಿ ಈ ಯಮ್ಮಂಗೆ ಏನೋ ಆಗಿದೆ ಅನ್ಕೊಂಡಿದ್ದ, ಈಗ "ಅಕ್ಕಾ ನಿಮ್ ಮಾಲ್ ಬಂದಿದೆ" ಅಂತ ಫೋನ್ ಮಾಡ್ತಾನೆ. ರದ್ದಿ ರೇಟಿನ ಮೇಲೆ ಕೆಜಿಗೆ ಹತ್ತು ರೂಪಾಯಿ ಜಾಸ್ತಿ ಕೊಡ್ತೀನಿ, ಅವನೂ ಖುಷಿ ನಾನೂ ಖುಷಿ. ದಸರಾಗೆ, ಯುಗಾದಿಗೆ ಮನೆ ಕ್ಲೀನ್ ಮಾಡೋ ಟೈಮಲ್ಲಿ, ಹಳೇ ಮನೆ ಕೆಡವೋವಾಗ, ಅಣ್ಣತಮ್ಮಂದ್ರು ಭಾಗ ಆದಾಗ ಮಾಲು ಜಾಸ್ತಿ ಬರುತ್ತೆ. ಲಾರಿ ತುಂಬೋಕೆ ಮುಂಚೆ ಹೋಗ್ಬೇಕು, ಮೂರು ದಿನ ಲೇಟಾದ್ರೆ ಎಲ್ಲಾ ಪೇಪರ್ ಮಿಲ್ಲಿಗೆ. ಆನ್‌ಲೈನಲ್ಲಿ ಒಂದ್ಸಲ ತಗೊಂಡು ಕೈ ಸುಟ್ಕೊಂಡೆ, ಯುಗಾದಿ ವಿಶೇಷಾಂಕ ಅಂತ 450 ರೂಪಾಯಿ ಇಸ್ಕೊಂಡು ನಡುವಿನ ಹದಿನಾರು ಪುಟ ಇಲ್ದೇ ಇರೋದು ಕಳಿಸಿದ್ರು, ಕೇಳಿದ್ರೆ ಹಳೇದು ಅಂದ್ರೆ ಹಂಗೇ ಮೇಡಂ ಅಂದ್ರು.

ಜಾಗ ಇಲ್ಲ ಅಂದ್ರಲ್ಲ, ಜಾಗಕ್ಕಿಂತ ದೊಡ್ಡ ತಲೆನೋವು ಥಂಡಿ. ಅತ್ತೆ ಪುಸ್ತಕಗಳು ಮಲೆನಾಡಿನ ಮಳೇಲೂ ಉಳಿದಿದ್ದು ಒಲೆ ಮೇಲಿನ ಅಟ್ಟದಲ್ಲಿ ಇದ್ದಿದ್ದಕ್ಕೆ, ವರ್ಷಪೂರ್ತಿ ಹೊಗೆ ಬಿಸಿ ತಾಗಿ ಬೂಷ್ಟೂ ಹಿಡೀಲಿಲ್ಲ ಹುಳಾನೂ ಬೀಳ್ಲಿಲ್ಲ, ಬಿಚ್ಚಿದ್ರೆ ಇವತ್ತಿಗೂ ಹೊಗೆ ವಾಸನೆ. ಅರಸೀಕೆರೆ ಕಡೆ ಮನೆಗಳಿಂದ ಬಂದಿದ್ದು ಹಪ್ಪಳದ ಹಂಗೆ ಗರಿಗರಿ ಇರುತ್ತೆ, ಹುಷಾರಾಗಿ ತಿರುಗಿಸ್ಬೇಕು. ಈಗ ಎಲ್ಲರ ಮನೇಲೂ ಗ್ಯಾಸು, ಹೊಗೆ ಎಲ್ಲಿಂದ ತರೋದು, ನಿಮ್ಮಪ್ಪಂಗೆ ಕಬ್ಬಿಣದ ಬೀರು ಕೊಡಿಸಿ, ನುಸಿಗುಳಿಗೆ ಹಾಕಿ, ತುಕ್ಕು ಹಿಡಿದ ಪಿನ್ನು ಕಿತ್ತು ದಾರದಲ್ಲಿ ಹೊಲಿಯೋಕೆ ಹೇಳಿ. ಹರಿದ ಕಡೆ ಸೆಲ್ಲೋಟೇಪ್ ಮಾತ್ರ ಹಾಕ್ಬೇಡಿ ಅನ್ನಿ, ನಾಕು ವರ್ಷಕ್ಕೆ ಅದು ಕಂದು ಬಣ್ಣಕ್ಕೆ ತಿರುಗಿ ಅಕ್ಷರ ಸಮೇತ ಎದ್ದು ಬರುತ್ತೆ, ನನ್ನ ಎಂಟು ಕಸ್ತೂರಿ ಹಂಗೇ ಹೋಯ್ತು.

ಕೊನೇದಾಗಿ ನನ್ನದೊಂದು ಕಥೆ ಹೇಳಿ ಮುಗಿಸ್ತೀನಿ. ಅತ್ತೆ ಹೊಲಿದ ಎರಡನೇ ಪುಸ್ತಕದಲ್ಲಿ ಒಂದು ಕಂತು ಇಲ್ಲ, 18 ಆದ್ಮೇಲೆ 20. ಆ ವಾರದ ಸಂಚಿಕೆ ಪಕ್ಕದ ತೋಟದ ಮನೆಯೋರು ಓದಿ ಕೊಡ್ತೀವಿ ಅಂತ ಇಸ್ಕೊಂಡು ಹೋದೋರು ವಾಪಸ್ ಕೊಡ್ಲೇ ಇಲ್ವಂತೆ, ಅತ್ತೆಗೆ ಆ ಸಿಟ್ಟು ಇನ್ನೂ ಇದೆ. ಕಾದಂಬರಿ ಹೆಸರು ಹೇಳಲ್ಲ, ಹೇಳಿದ್ರೆ ಪುಸ್ತಕ ಸಿಗುತ್ತಲ್ಲ ತಗೊಳ್ಳಿ ಅಂತ ಯಾರಾದ್ರೂ ಅಂತೀರ. ಸಿಗುತ್ತೆ, ಲೈಬ್ರರೀಲಿ ತಗೊಂಡು ಆ ಭಾಗ ಅತ್ತೆಗೆ ಓದಿನೂ ಹೇಳಿದೀನಿ. "ಚಿತ್ರ ಇಲ್ವಲ್ಲೇ" ಅಂದ್ರು. ಪ್ರತಿ ಕಂತಿಗೂ ಒಂದು ಚಿತ್ರ ಇರ್ತಿತ್ತಲ್ಲ, ಅವ್ರಿಗೆ ಅದು ಬೇಕು.

ಹಿಂದಿನ ಮುಂದಿನ ಪುಟಗಳಲ್ಲಿದ್ದ ತಾರೀಕು ನೋಡಿ ಯಾವ ವಾರದ ಸಂಚಿಕೆ ಅಂತ ಲೆಕ್ಕ ಹಾಕಿ ಇಟ್ಕೊಂಡಿದ್ದೆ, ಆರು ವರ್ಷ ಹುಡುಕಿದೆ. ಹೋದ ವರ್ಷ ಅರಸೀಕೆರೆ ಗುಜರಿಲಿ ಒಂದು ಕಟ್ಟು ಬಿಚ್ತಾ ಇದ್ರೆ ಅದೇ ವಾರದ್ದು! ಮುಖಪುಟ ನೀಟಾಗಿದೆ, ಕೈ ನಡುಗ್ತಿತ್ತು ನಂಗೆ, ಅಲ್ಲೇ ನಿಂತು ಪುಟ ತಿರುಗಿಸ್ತಾ ಹೋದೆ. 24 ಆಯ್ತು, ಆಮೇಲೆ 29.

ಯಾರೋ ಕಿತ್ಕೊಂಡಿದ್ರು. ಬ್ಲೇಡಲ್ಲಿ ನೀಟಾಗಿ, ಅಂಚಿಗೆ ಸರಿಯಾಗಿ, ಧಾರಾವಾಹಿ ಇದ್ದ ಎರಡು ಹಾಳೆ ಮಾತ್ರ. ಅತ್ತೆಗೆ ಫೋನ್ ಮಾಡಿ ಹೇಳಿದೆ, ಬೇಜಾರಾಗ್ತಾರೆ ಅನ್ಕೊಂಡ್ರೆ ಜೋರಾಗಿ ನಗೋಕೆ ಶುರು ಮಾಡಿದ್ರು. "ಅವ್ಳೂ ಹೊಲಿದಿಟ್ಟಿರ್ತಾಳೆ ಬಿಡು. ಅವ್ಳತ್ರ ಯಾವ ಕಂತು ಇಲ್ವೋ ಕೇಳು, ನಮ್ಮತ್ರ ಇದ್ರೆ ಕೊಡಾಣ." ಆ ಸಂಚಿಕೆನ ಆದ್ರೂ ತಗೊಂಡು ಬಂದೆ ಅನ್ನಿ, ಅದರಲ್ಲೊಂದು ಪದಬಂಧ ಇದೆ, ಯಾರೂ ಮುಟ್ಟಿಲ್ಲ.