ಕೊಡಚಾದ್ರಿ ಇಳಿದ ತೊಡೆ ನೋಯುತ್ತದೆ, ಹೃದಯವೇಕೆ ದಣಿಯುವುದಿಲ್ಲ?

ಪ್ರಶ್ನೆ: ನನಗೆ 52 ವರ್ಷ, ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಕಳೆದ ತಿಂಗಳು ಮಗಳ ಜೊತೆ ಕೊಡಚಾದ್ರಿಯನ್ನು ನಡೆದೇ ಹತ್ತಿ ಇಳಿದೆ. ಅಂದು ಏನೂ ಅನ್ನಿಸಲಿಲ್ಲ. ಎರಡು ದಿನ ಕಳೆದ ಮೇಲೆ ಮೆಟ್ಟಿಲಿಳಿಯಲಾರದಷ್ಟು ತೊಡೆ ನೋವು. ಹಗಲಿರುಳು ಬಡಿಯುವ ಹೃದಯವೂ ಸ್ನಾಯುವೇ ಅಲ್ಲವೇ? ಅದಕ್ಕೇಕೆ ದಣಿವಿಲ್ಲ?

ಉತ್ತರ: ಎರಡೂ ಸ್ನಾಯುಗಳೇ, ಆದರೆ ಬಗೆ ಬೇರೆ. ತೊಡೆಯದು ಮೂಳೆಗೆ ಅಂಟಿಕೊಂಡು ನಮ್ಮ ಇಚ್ಛೆಯಂತೆ ನಡೆಯುವ ಐಚ್ಛಿಕ ಸ್ನಾಯು. ಇಂಥವು ದೇಹದಲ್ಲಿ 600ಕ್ಕೂ ಹೆಚ್ಚಿವೆ. ನಿಮ್ಮ ನೋವಿಗೆ ಬೆಟ್ಟ ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು ಕಾರಣ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗಲಾದರೋ ಮೈಭಾರವನ್ನು ತಡೆದು ಹಿಡಿದುಕೊಂಡೇ ಉದ್ದವಾಗಬೇಕಾಗುತ್ತದೆ. ಈ ಎಳೆತಕ್ಕೆ ಸಿಕ್ಕ ನಾರುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಾನಿಯಾಗಿ, ಅದನ್ನು ಸರಿಪಡಿಸುವ ಉರಿಯೂತದ ಜೊತೆಗೆ ನೋವು ಒಂದರಿಂದ ಮೂರು ದಿನಗಳಲ್ಲಿ ಏರುತ್ತದೆ. ದುಡಿಯುವಾಗ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲ ಅಲ್ಲೇ ನಿಂತು ನೋಯಿಸುತ್ತಿದೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ಅದು ಒಂದೆರಡು ಗಂಟೆಗಳಲ್ಲೇ ತೆರವಾಗಿರುತ್ತದೆ. ತೋಟದ ದುಡಿಮೆಯಿಂದ ಗಟ್ಟಿಯಾದ ಕಾಲಿಗೂ ಅಷ್ಟು ದೂರದ ಇಳಿಜಾರು ಹೊಸದೇ. ಕೆಲವೇ ವಾರಗಳೊಳಗೆ ಮತ್ತೆ ಹೋದರೆ ಅದೇ ಬೆಟ್ಟ ಇಷ್ಟು ಕಾಡದು.

ಹೃದಯಕ್ಕೆ ಬಿಡುವಿಲ್ಲ ಎಂಬುದು ಅರ್ಧ ಸತ್ಯ. ನಿಮಿಷಕ್ಕೆ 72 ಬಡಿತವೆಂದರೆ ಒಂದೊಂದಕ್ಕೆ ಸುಮಾರು 0.8 ಸೆಕೆಂಡು, ಅದರಲ್ಲಿ ಹೃತ್ಕುಕ್ಷಿಗಳು (ರಕ್ತವನ್ನು ಹೊರದೂಡುವ ಹೃದಯದ ಕೆಳಗಿನ ಎರಡು ಕೋಣೆಗಳು) ಕುಗ್ಗಿರುವುದು ಸುಮಾರು 0.3 ಸೆಕೆಂಡು ಮಾತ್ರ, ಉಳಿದದ್ದು ಸಡಿಲಿಕೆ. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ಸೇರಬೇಕಾದ ರಕ್ತ ಬಹುಪಾಲು ಹರಿಯುವುದು ಈ ಬಿಡುವಿನಲ್ಲೇ. ಮೇಲಾಗಿ, ಹೃದಯದ ಜೀವಕೋಶದ ಸುಮಾರು ಮೂರನೇ ಒಂದು ಭಾಗವನ್ನು ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳೇ ತುಂಬಿಕೊಂಡಿರುತ್ತವೆ.

ಮೂರನೆಯ ಬಗೆ ನಯಸ್ನಾಯು. ಕರುಳು, ರಕ್ತನಾಳ, ಗರ್ಭಕೋಶಗಳ ಗೋಡೆಯಲ್ಲಿದ್ದು ನಿಧಾನವಾಗಿ, ನಮ್ಮ ಅಪ್ಪಣೆ ಕೇಳದೆ ಕೆಲಸ ಮಾಡುತ್ತದೆ. ಆಗುಂಬೆಯ ಮಳೆಗಾಳಿಗೆ ಮೈಮೇಲಿನ ಕೂದಲು ನಿಮಿರುವುದೂ ಇದರಿಂದಲೇ. (ಎದೆ-ಹೊಟ್ಟೆಗಳ ನಡುವೆ ಇದ್ದು ಉಸಿರಾಟಕ್ಕೆ ನೆರವಾಗುವ ವಪೆ ಮಾತ್ರ ನಿದ್ದೆಯಲ್ಲೂ ತಾನಾಗಿ ದುಡಿದರೂ ಐಚ್ಛಿಕ ಸ್ನಾಯುಗಳ ಗುಂಪಿಗೇ ಸೇರಿದ್ದು.)

ಹೃದಯಕ್ಕೆ ನೋವೇ ಇಲ್ಲವೆಂದು ತಿಳಿಯಬಾರದು. ದಿಬ್ಬ ಹತ್ತುವಾಗ ಎದೆ ಬಿಗಿದು, ನಿಂತರೆ ಕಡಿಮೆಯಾಗುವುದಾದರೆ ರಕ್ತದ ಪೂರೈಕೆ ಸಾಲದೆ ಅದು ನೋಯುತ್ತಿರಬಹುದು. ನಿಮ್ಮ ವಯಸ್ಸಿನಲ್ಲಿ ತಡಮಾಡದೆ ವೈದ್ಯರಿಗೆ ತೋರಿಸಿ. ನಿಂತರೂ ಕಡಿಮೆಯಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.