ಬಾಗಿಲು ತೆಗೆದು ಅವರ ಜೊತೆ ಕೂತ್ಕೋ ತಂಗಿ

ಟೊರಾಂಟೊದ ಸ್ಕಾರ್ಬರೋದಲ್ಲಿ ಬೇಸ್‌ಮೆಂಟ್ ಮನೆ, ಜೊತೆಗಿರುವವರೆಲ್ಲ ಚೆನ್ನೈ ಕಡೆಯ ಹುಡುಗಿಯರು, ಶನಿವಾರ ಬಂದರೆ ತಮಿಳು ಸಿನಿಮಾ ‘ತಿರುಚಿತ್ರಂಬಲಂ’ ಹಾಕಿಕೊಂಡು ನಗ್ತಾ ಕೂರ್ತಾರೆ, ನಾನು ರೂಮಲ್ಲಿ ಒಬ್ಬಳೇ ಫೋನ್ ನೋಡ್ತಿರ್ತೀನಿ, ಇಲ್ಲಿ ನಮ್ಮವರು ಅಂತ ಸಿಗೋದು ಹೇಗಕ್ಕಾ ಅಂತ ಕೇಳಿದ್ದೀಯ. ಈ ಶನಿವಾರ ಬಾಗಿಲು ತೆಗೆದು ಅವರ ಪಕ್ಕ ಹೋಗಿ ಕೂತ್ಕೋ. ಸಬ್‌ಟೈಟಲ್ ಹಾಕಿ ಅಂತ ಕೇಳೋಕೆ ಸಂಕೋಚ ಬೇಡ.

ಆ ಸಿನಿಮಾ ನನಗೆ ತುಂಬಾ ಇಷ್ಟ. ಧನುಷ್ ಫುಡ್ ಡೆಲಿವರಿ ಮಾಡುವ ಹುಡುಗ. ನಿತ್ಯಾ ಮೆನನ್ ಅದೇ ಕಟ್ಟಡದಲ್ಲಿರುವ ಗೆಳತಿ ಶೋಭನಾ. ಅವನು ಬೇರೆ ಹುಡುಗಿಯರ ಮೇಲೆ ಆಸೆಪಟ್ಟು ಮುಖ ಸಪ್ಪೆ ಮಾಡ್ಕೊಂಡು ವಾಪಸ್ ಬಂದಾಗಲೆಲ್ಲ ಧೈರ್ಯ ಹೇಳೋದು ಇವಳೇ. ಕಣ್ಣೆದುರೇ ಇರುವವಳನ್ನ ನೋಡೋ ಅಂತ ಕೊನೆಗೆ ತಾತನೇ ಹೇಳಬೇಕಾಗುತ್ತೆ. ಕಥೆ ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಗೊತ್ತಾಗುತ್ತೆ, ನಿಜ. ಆದರೂ 2022ರ ಆಗಸ್ಟ್‌ನಲ್ಲಿ ಜನ ಮನೆಮಂದಿಯನ್ನೆಲ್ಲ ಕರ್ಕೊಂಡು ಥಿಯೇಟರಿಗೆ ಹೋದರು. ಅದಕ್ಕೆ ಮುಂಚೆ ಧನುಷ್ ಸಿನಿಮಾಗಳು ಸಾಲಾಗಿ ಒಟಿಟಿಗೇ ಬಂದಿದ್ದವು. ಇಲ್ಲಿ ಬಿಲ್ಡಪ್ ಇಲ್ಲ, ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಅಪ್ಪ ಮಗ ಇದ್ದಾರೆ. ಅಪ್ಪ ನಮ್ಮ ಪ್ರಕಾಶ್ ರಾಜ್.

2024ರ ಆಗಸ್ಟ್‌ನಲ್ಲಿ ರಾಷ್ಟ್ರಪ್ರಶಸ್ತಿ ಪಟ್ಟಿ ಬಂತಲ್ಲ, ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ ಶ್ರೇಷ್ಠ ನಟ ಆದರಲ್ಲ, ಅದೇ ಪಟ್ಟಿಯಲ್ಲಿ ಈ ಪಾತ್ರಕ್ಕೆ ನಿತ್ಯಾ ಶ್ರೇಷ್ಠ ನಟಿ. ಗುಜರಾತಿಯ ಮಾನಸಿ ಪಾರೇಖ್ ಜೊತೆ ಹಂಚಿಕೊಂಡರು. ‘ಗಾರ್ಗಿ’ಯ ಸಾಯಿ ಪಲ್ಲವಿಗೆ ಬರಬೇಕಿತ್ತು, ಇದರಲ್ಲಿ ನಟಿಸೋಕೆ ಏನಿತ್ತು ಅಂತ ಎಷ್ಟೋ ಜನ ಜಗಳಕ್ಕೇ ನಿಂತರು. ನಾನಂತೂ ಒಪ್ಪಲ್ಲ. ಗೋಳಾಡುವ ಪಾತ್ರಕ್ಕಷ್ಟೇ ಬಹುಮಾನ ಅನ್ನೋ ರೂಢಿ ಹೋಗಬೇಕು. ಅವನು ಇನ್ನೊಬ್ಬಳ ವಿಷಯ ತೆಗೆದಾಗ ಶೋಭನಾ ಮುಖ ನೋಡು. ಕಾಲೆಳೆಯೋದು ನಿಲ್ಲಿಸಲ್ಲ, ಸಂಕಟ ಎಲ್ಲೂ ಬಿಟ್ಟುಕೊಡಲ್ಲ. ಎರಡನೇ ಸಲ ನೋಡುವಾಗಲೇ ಅದು ಪೂರ್ತಿ ಕಾಣೋದು.

ಅಂಥ ಶೋಭನಾ ಕೊನೆಗೆ ಕೆಲಸ ಸಿಕ್ಕಿ ಹೊರಡೋದು ಈ ಕೆನಡಾಕ್ಕೇ. ಅಪ್ಪ ಅಮ್ಮ, ಗೆಳೆಯರನ್ನ ಬಿಟ್ಟು ಬಂದವರು ಅದನ್ನ ನೋಡುವ ರೀತಿಯೇ ಬೇರೆ. ನಿನ್ನ ರೂಮ್‌ಮೇಟ್‌ಗಳೂ ಹಾಗೆ ಬಂದವರೇ ಅಲ್ವಾ?

ಕನ್ನಡ ಸಂಘಕ್ಕೆ ಖಂಡಿತ ಹೋಗು. ಯುಗಾದಿ, ರಾಜ್ಯೋತ್ಸವಕ್ಕೆ ನಾವೆಲ್ಲ ಸಿಗ್ತೀವಿ. ಆದರೆ ಮಂಗಳವಾರ ರಾತ್ರಿ ಜ್ವರ ಬಂದರೆ ಎದ್ದು ಬರೋದು ಪಕ್ಕದ ರೂಮಿನವರು. ಮೊದಲ ಚಳಿಗಾಲದಲ್ಲಿ ನಾನು ಹಾಸಿಗೆ ಹಿಡಿದಾಗ ಮೆಣಸಿನ ಸಾರು, ಮೆತ್ತಗೆ ಬೆಂದ ಅನ್ನ ತಂದುಕೊಟ್ಟಿದ್ದು ಮೇಲ್ಮನೆಯ, ಶ್ರೀಲಂಕಾದ ಜಾಫ್ನಾ ಕಡೆಯ ತಮಿಳು ಅಮ್ಮ. 1983ರಲ್ಲಿ ಅಲ್ಲಿ ತಮಿಳರ ಮೇಲೆ ಗಲಭೆ ಆದಮೇಲೆ ಊರು ಬಿಟ್ಟು ಬಂದ ಕುಟುಂಬ ಅವರದು. ಸ್ಕಾರ್ಬರೋದಲ್ಲಿ ನಿನಗೆ ಇವತ್ತು ನುಗ್ಗೇಕಾಯಿ, ಕರಿಬೇವು ಸಲೀಸಾಗಿ ಸಿಗೋದು ಅಂಥವರು ಇಟ್ಟ ಅಂಗಡಿಗಳಿಂದ.

ಮುಂದಿನ ಶನಿವಾರ ನಿನ್ನ ಸರದಿ ಅಂತ ಹೇಳಿ ಕನ್ನಡದ ‘ಮೈನಾ’ ಹಾಕು. ಅದರಲ್ಲೂ ಇದೇ ನಿತ್ಯಾ ಇದ್ದಾರೆ. ಬೆಂಗಳೂರಿನವರು ಅಂತ ಹೇಳಿ ನೋಡು, ಮಾತು ತಾನಾಗೇ ಶುರುವಾಗುತ್ತೆ.